ಜಹಾಂಗೀರ ಸಾಹೇಬರ ಸ್ವಂತ ಅಭಿಪ್ರಾಯ

ಜಹಾಂಗೀರನು ಕಂಪ್ಯೂಟರಿನ ಜೊತೆಗೇ, ಅದೇ ಮರದ ಪೆಟ್ಟಿಗೆಯಲ್ಲಿ, ಸುತ್ತಲೂ ಹುಲ್ಲು ತುಂಬಿಸಿಕೊಂಡು ಬೊಂಬಾಯಿಯಿಂದ ಗೂಡ್ಸ್ ಗಾಡಿಯಲ್ಲಿ ಬಂದವನೆಂಬ ಸುದ್ದಿ ವಾಡಿಯಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. ಯಂತ್ರ ಕೆಟ್ಟರೆ ಬದಲಿ ಭಾಗವಾಗಿ ಅವನನ್ನೇ ಜೋಡಿಸುತ್ತಾರೆಂದು ಇನ್ನೂ ಹೆಚ್ಚು ತಿಳಿದವರು ಸೇರಿಸುತ್ತಿದ್ದರು. ಇದು ನಿಜವಲ್ಲ. ಅವನು ನಾಲವಾರದ ದರ್ಜಿಯೊಬ್ಬರ ಮಗ, ಗುಲಬರ್ಗಾದಲ್ಲಿ ಬಿ.ಎಸ್‌ಸಿ. ಮುಗಿಸಿ, ಹೈದರಾಬಾದಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ಪ್ಯಾಸೆಂಜರ್ ಗಾಡಿಯಲ್ಲಿ ಟಿಕೀಟು ಪಡೆದೇ ಬಂದವನು. ಕ್ವಾರ್ಟರ್ಸ್ ಸಿದ್ಧವಾಗದ ಕಾರಣ ಮೊದಲ ವಾರ ಯಂತ್ರ ಇಳಿದ ಖಾಲಿ ಪೆಟ್ಟಿಗೆಯಲ್ಲಿ ಹಾಸಿಗೆ ಬಿಚ್ಚಿದ್ದನಷ್ಟೆ. ಬೆಳಿಗ್ಗೆ ಅದರೊಳಗಿಂದ ಎದ್ದು ಬಂದು ಹಲ್ಲುಜ್ಜುತ್ತಿದ್ದವನನ್ನು ಕಂಡವರು ತಮ್ಮ ಮಟ್ಟಿಗೆ ತರ್ಕಬದ್ಧವಾಗಿಯೇ ಯೋಚಿಸಿದ್ದರು.

ಇದು ೧೯೮೪ರ ಬೇಸಿಗೆಯ ಮಾತು. ಶಹಾಬಾದ ಮತ್ತು ವಾಡಿಯ ನಡುವಿನ ಒಂದು ಸಿಮೆಂಟ್ ಕಾರ್ಖಾನೆ. ಹೊರಗೆ ಫರಸಿಗಲ್ಲಿನ ಮೇಲೆ ಬರಿಗಾಲಿಡಲಾಗದ ಬಿಸಿಲು. ಕಂಪ್ಯೂಟರ್ ಕೋಣೆಯೊಳಗೆ ಮಾತ್ರ, ಮನುಷ್ಯರಿಗಲ್ಲ, ಯಂತ್ರಕ್ಕಾಗಿ ಏರ್ಪಡಿಸಿದ ತಂಪು. ಜಹಾಂಗೀರ ಕಾಗದದ ಮೇಲೆ ಬರೆದುಕೊಟ್ಟದ್ದನ್ನೂ ಕಾರ್ಮಿಕರ ಹಾಜರಿಯನ್ನೂ ಗಟ್ಟಿ ಕಾರ್ಡುಗಳಲ್ಲಿ ತೂತುಗಳಾಗಿ ಹೊಡೆಯುವುದು ಪಂಚ್ ಆಪರೇಟರ್ ವಿಮಲಾಬಾಯಿಯವರ ಕೆಲಸ. ಆ ಕಾರ್ಡುಗಳನ್ನು ಯಂತ್ರ ಓದಿ ಯಾರಿಗೆ ಯಾವ ಪಾಳಿ ಎಂದು ಅಚ್ಚು ಹಾಕುತ್ತಿತ್ತು. ಟೈಮ್ ಆಫೀಸಿನ ಹಿರಿಯ ಗುಮಾಸ್ತ ಮಡಿವಾಳಯ್ಯನವರಿಗೆ ಈ ಕೋಣೆಯಲ್ಲಿ ಯಾವ ಕೆಲಸವೂ ಇರಲಿಲ್ಲ. ಆದ್ದರಿಂದ ಅವರು ದಿನವೂ ಬರುತ್ತಿದ್ದರು.

ಬೊಂಬಾಯಿಯ ಒಂದು ಕಂಪನಿಯವರು ಹಿಂದಿನ ವಾರ ಹೊಸ ನಮೂನೆಯ ಸಣ್ಣ ಕಂಪ್ಯೂಟರೊಂದನ್ನು ತಂದು ತೋರಿಸಿ ಹೋಗಿದ್ದರು. ಅದು ಬೇಕೋ ಬೇಡವೋ ಎಂದು ಜಹಾಂಗೀರನನ್ನು ಕೇಳಲು ಮ್ಯಾನೇಜರ್ ಶರಣಬಸಪ್ಪನವರು ಆ ಮಧ್ಯಾಹ್ನ ಬರುವವರಿದ್ದರು. ಅಷ್ಟರಲ್ಲಿ ಜಹಾಂಗೀರ ಕ್ಯಾಂಟೀನಿನಲ್ಲಿ ಆಡಿದ ಒಂದು ಮಾತು ಅವನಿಗಿಂತ ಮೊದಲೇ ಕೋಣೆ ತಲುಪಿತ್ತು.

ವಿಮಲಾಬಾಯಿ: ಖರೇ ಹೇಳ್ರಿ ಭಾಯಿ. ಕಾರ್ಡು ಅಂದ್ರ ಗೋರಿ ಮ್ಯಾಲಿನ ಕಲ್ಲು ಇದ್ದಂಗ, ಅದರ ಕಾಲ ಮುಗೀತು ಅಂದ್ರೋ ಇಲ್ಲೋ?

ಜಹಾಂಗೀರ: ಅಂದೆ. ಆದ್ರ ಅದು ನನ್ನ ಅಭಿಪ್ರಾಯ ಅಲ್ರಿ.

ವಿಮಲಾಬಾಯಿ: ಮತ್ತ ಯಾರದು?

ಜಹಾಂಗೀರ: ನಂದೇ. ಆದ್ರ ಚಾ ಕುಡಿಯೋ ಮುಂದಿಂದು. ಚಾದ ಅಭಿಪ್ರಾಯ ಬ್ಯಾರೆ, ಕೆಲ್ಸದ ಅಭಿಪ್ರಾಯ ಬ್ಯಾರೆ.

ವಿಮಲಾಬಾಯಿ: ನಿಮ್ಮ ಚಾದಾಗ ನನ್ನ ಕುರ್ಚಿ ಮುಳುಗ್ಲಿಕತ್ತದ, ತಿಳೀತೇನ್ರಿ? ಹೊಸಾದು ಬಂದ್ರ ಕಾರ್ಡು ಹೋಗ್ತಾವ. ಕಾರ್ಡು ಹೋದ್ರ ಪಂಚ್ ಮಷೀನ್ ಹೋಗ್ತದ. ಪಂಚ್ ಮಷೀನ್ ಹೋದ್ರ ಅದರ ಮುಂದ ಕುಂತಾಕಿ ಏನು ಮಾಡ್ಬೇಕು? ಮತ್ತ ಮೊದ್ಲು ಕೆಲ್ಸ ಮಾಡ್ತಿದ್ದ ಆ ಕಲ್ಲಿನ ಡಿಪೋಕ್ಕ ಹೋಗಿ, ತಗಡಿನ ಕೆಳಗ ಕುಂತು, ಲಾರಿ ನಂಬರ್ ಕೂಗ್ಲೇನು?

ಮಡಿವಾಳಯ್ಯ: (ತಂಪಿನ ಗಾಳಿ ನೇರವಾಗಿ ಬೆನ್ನಿಗೆ ತಾಗುವಂತೆ ಕುರ್ಚಿ ಸರಿಸಿಕೊಂಡು) ಬಾಯಿಯವರ, ಇವ್ರ ಅಭಿಪ್ರಾಯ ನಂಬಬ್ಯಾಡ್ರಿ. ಅದು ವಾಡಿ ಜಂಕ್ಷನ್ ಇದ್ದಂಗ. ಎಲ್ಲಾ ಕಡಿಗೂ ಗಾಡಿ ಬಿಡ್ತಾರ.

ಜಹಾಂಗೀರ: ಅಯ್ಯನವರ, ನೀವು ಸುಮ್ಕಿರ್ರಿ. ಈ ಹೊಸಾ ಮಷೀನಿನ ಮಾತು ಹುಟ್ಟಿದ್ದೇ ನಿಮ್ಮಿಂದ.

ಮಡಿವಾಳಯ್ಯ: ನಾ ಏನು ಮಾಡಿದೆ?

ಜಹಾಂಗೀರ: ಕಾರ್ಡಿನ ತಟ್ಟಿ ಕೆಳಗ ಕೆಡವಿದೋರು ಯಾರು?

ಮಡಿವಾಳಯ್ಯ: ಕೆಡವಿದೆ. ಮತ್ತ ಒಂದೂ ಬಿಡಲಾರದ ಆರಿಸಿ ಜೋಡಿಸಿಟ್ಟೆ! ಅದನ್ನ ಯಾರೂ ಹೇಳಂಗಿಲ್ಲ.

ಜಹಾಂಗೀರ: ಹೆಂಗ ಜೋಡಿಸಿದ್ರಿ? ಮಷೀನಿಗೆ ಹಾಜರಿ ಟಿಕೀಟಿನ ನಂಬರ್ ಪ್ರಕಾರ ಬೇಕು. ನೀವು ದರ್ಜೆ ಪ್ರಕಾರ ಜೋಡಿಸಿದ್ರಿ! ಸಾಹೇಬ್ರು ಮ್ಯಾಲ, ಗುಮಾಸ್ತರು ನಡುವ, ಕೂಲಿ ಮಂದಿ ಕೆಳಗ!

ಮಡಿವಾಳಯ್ಯ: ಆಯುಧಪೂಜಿ ದಿನ ಪ್ರಸಾದ ಹೆಂಗ ಹಂಚ್ತೀರಿ? ಮ್ಯಾನೇಜರ್ ಸಾಹೇಬ್ರಿಂದ ಹಿಡಿದು ಹಂಚ್ತೀರೋ ಇಲ್ಲೋ? ಅವರ ಕಾರ್ಡು ಹಮಾಲನ ಕಾರ್ಡಿನ ಕೆಳಗ ಬಿದ್ದಿತ್ರಿ. ನೋಡಿ ನನ್ನ ಎದಿ ಧಸಕ್ಕಂತು. ಎತ್ತಿ, ಜರಾ ಒರೆಸಿ, ಎಲ್ಲಕ್ಕಿಂತ ಮ್ಯಾಲ ಇಟ್ಟೆ. ಅದು ತಪ್ಪೇನು?

ಅದರ ಫಲವನ್ನು ಕಾರ್ಖಾನೆಯೇ ಕಂಡಿತ್ತು. ಯಂತ್ರವು ಒಬ್ಬರ ಪಾಳಿಯನ್ನು ಇನ್ನೊಬ್ಬರ ಹೆಸರಿಗೆ ಹಚ್ಚಿ, ಮ್ಯಾನೇಜರ್ ಶರಣಬಸಪ್ಪನವರನ್ನು ಕ್ರಷರ್ ವಿಭಾಗದ ರಾತ್ರಿಪಾಳಿಯ ಕೂಲಿಯೆಂದು ಅಚ್ಚು ಹಾಕಿತು. ಮರುದಿನ ಬೆಳಿಗ್ಗೆ ಗೇಟಿನ ಪಹರೆಯವನು ಅವರನ್ನು ತಡೆದು, ರಾತ್ರಿ ಬರಬೇಕಾದವರು ಬೆಳಿಗ್ಗೆ ಬಂದರೆ ಒಳಗೆ ಬಿಡಲಾಗದೆಂದು ಅತ್ಯಂತ ವಿನಯದಿಂದ ತಿಳಿಸಿದ. ಅವರು ತಾವು ಯಾರೆಂದು ಗದರಿಸಿದಾಗ, ಅದು ತನಗೂ ಗೊತ್ತು, ಆದರೆ ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ ಎಂದು ಅವನು ದುಃಖಪಟ್ಟ.

ಜಹಾಂಗೀರ: ಹೊಸಾದ್ರಾಗ ಇಂಥ ಅನಾಹುತ ಇಲ್ರಿ. ಕಾರ್ಡೇ ಇಲ್ಲ ಅಂದ್ಮ್ಯಾಲ ಬೀಳೋದೇನು? ಅದಕ್ಕ ಒಂದು ಟೀವಿ ಅದ, ಅಕ್ಷರದ ಗುಂಡಿ ಇರೋ ಒಂದು ಟೈಪ್ ಮಣಿ ಅದ. ಹೊಡೀರಿ, ಎದುರಿಗೇ ಕಾಣಸ್ತದ.

ವಿಮಲಾಬಾಯಿ: ಬಂತು ನೋಡ್ರಿ, ಬಂತು! ಮತ್ತ ಹೊಸಾದ್ನ ಹೊಗಳ್ಲಿಕತ್ರು!

ಮಡಿವಾಳಯ್ಯ: ಟೀವಿ ಅದ ಅಂತೀರಿ. ಸಿನಿಮಾ ಬರ್ತದೇನು?

ಜಹಾಂಗೀರ: ಇಲ್ರಿ.

ಮಡಿವಾಳಯ್ಯ: ಮತ್ತ ಟೀವಿ ಯಾಕ?

ಜಹಾಂಗೀರ: ನೀವು ಮಾಡಿದ ತಪ್ಪು ನಿಮಗೇ ಕಾಣಲಿ ಅಂತ. ಮುಂದ ಇದು ಮನಿಮನಿಗೂ ಬರ್ತದ ಅಂತ ಬೊಂಬಾಯಿ ಮಂದಿ ಹೇಳಿ ಹೋಗ್ಯಾರ.

ವಿಮಲಾಬಾಯಿ: ಮನ್ಯಾಗ ಅದಕ್ಕ ಏನು ಕೆಲ್ಸ?

ಜಹಾಂಗೀರ: ಏನೂ ಇಲ್ಲ. ಅದಕ್ಕೇ ಎಲ್ಲಾರೂ ತಗೊಂತಾರ. ಕೆಲ್ಸದ್ದು ಇದ್ರ ಯಾರು ತಗೊಂತಿದ್ರು? ಬೀಸೋಕಲ್ಲು ಕೆಲ್ಸದ್ದೇ ಅದ, ಅದನ್ನ ನಡುಮನ್ಯಾಗಿಟ್ಟು ಮ್ಯಾಲ ಕಸೂತಿ ಬಟ್ಟಿ ಹೊಚ್ತಾರೇನು?

ಮಡಿವಾಳಯ್ಯ: ಬರೋಬ್ಬರಿ. ನಮ್ಮ ಮನ್ಯಾಗ ರೇಡಿಯೋಕ್ಕ ಹೊಚ್ಚ್ಯಾರ.

ವಿಮಲಾಬಾಯಿಯವರು ಪಂಚ್ ಯಂತ್ರದ ಮುಂದೆ ಕುಳಿತು ಸುಮ್ಮನೆ ಎರಡು ಕಾರ್ಡುಗಳನ್ನು ಹೊಡೆದರು. ಅವುಗಳಲ್ಲಿ ಏನೂ ಇರಲಿಲ್ಲ. ಶಬ್ದ ಮಾತ್ರ ಬೇಕಾಗಿತ್ತು. ಅನಂತರ ಧ್ವನಿ ತಗ್ಗಿಸಿದರು.

ವಿಮಲಾಬಾಯಿ: ಭಾಯಿ, ನಾ ಈ ಕಾರ್ಖಾನಿ ಆಫೀಸಿನ್ಯಾಗ ಕುರ್ಚಿ ಮ್ಯಾಲ ಕುಂತ ಮೊದಲ್ನೇ ಹೆಣಮಗಳು. ಬಂದ ದಿನ ಮಂದಿ ಕಿಡಕಿಯಿಂದ ನೋಡಿ ಹೋಗ್ತಿದ್ರು, ಮಷೀನನ್ನಲ್ಲ, ನನ್ನ. ನಿಮ್ಮ ಅಕ್ಷರ ಕೋಳಿ ಕೆದರಿದಂಗ. ಅದನ್ನ ಓದಿ, ತಿಳ್ಕೊಂಡು, ಹೊಡೆದು ಕೊಟ್ಟೆ. ಸಾಹೇಬ್ರು ಕೇಳಿದಾಗ ಒಂದ್ ಮಾತು, ಹೊಸಾದು ಬ್ಯಾಡ ಅನ್ರಿ. ಸಾಕು.

ಜಹಾಂಗೀರ: ಹೆಂಗ ಅನ್ಲಿ? ಅದು ಹಗೂರದ, ಸಣ್ಣದದ, ಸಾಬೂನಿನ ಪೆಟಗಿಯಷ್ಟ ಅದ. ಅದಕ್ಕ ಬ್ಯಾರೆ ಕೋಣಿ ಬ್ಯಾಡ, ಚಪ್ಪಲಿ ಬಿಡೋದು ಬ್ಯಾಡ, ಈ ಏರ್ ಕಂಡೀಷನ್ ಬ್ಯಾಡ…

ಮಡಿವಾಳಯ್ಯನವರು ಎದ್ದು ನಿಂತರು.

ಮಡಿವಾಳಯ್ಯ: ಏನಂದ್ರಿ?

ಜಹಾಂಗೀರ: ಅದಕ್ಕ ತಂಪು ಬೇಕಿಲ್ಲ ಅಂದೆ. ಫ್ಯಾನಿನ ಕೆಳಗ ನಡೀತದ.

ಮಡಿವಾಳಯ್ಯ: ಮತ್ತ ಇದು?

ಜಹಾಂಗೀರ: ತೆಗೀತಾರ.

ಮಡಿವಾಳಯ್ಯ: ಬಾಯಿಯವರ, ಇಷ್ಟೊತ್ತು ನಾ ಯಾರ ಪಕ್ಷನೂ ವಹಿಸಿದ್ದಿಲ್ಲ. ಈಗ ನಿಮ್ಮ ಪಕ್ಷ ಅದೀನಿ. ಒಬ್ಬ ಹೆಣಮಗಳ ನೌಕರಿ ಕಸೀಬಾರದು. ಅದು ಧರ್ಮ ಅಲ್ಲ.

ವಿಮಲಾಬಾಯಿ: ನನ್ನ ನೌಕರಿ ಸಲುವಾಗೇನ್ರಿ, ನಿಮ್ಮ ಬೆನ್ನಿನ ಸಲುವಾಗೇನ್ರಿ?

ಮಡಿವಾಳಯ್ಯ: ಎರಡೂ ಒಂದೇ ಕಡಿಗೆ ಬರಾಕತ್ತಾವ. ಭೇದ ಯಾಕ ಮಾಡ್ತೀರಿ?

ತಂಪು ಹೋಗುತ್ತದೆಂಬುದನ್ನು ಜಹಾಂಗೀರ ಬಾಯಿಂದ ಆಡಿದ್ದನಾದರೂ ಅದು ಅವನ ಕಿವಿಗೆ ಬಿದ್ದದ್ದು ಈಗ. ಹೊರಗೆ ಕಿಟಕಿಯಾಚೆ ಸುಣ್ಣದ ಕಲ್ಲಿನ ಧೂಳು ಬಿಸಿಲಿನಲ್ಲಿ ಅಲುಗಾಡದೆ ನಿಂತಿತ್ತು. ಅವನು ಅದನ್ನು ನೋಡಿದ. ಅಂಗಿಯ ಕಾಲರು ಸರಿಪಡಿಸಿಕೊಂಡ. ಅವನ ಚಿಂತನೆ ಇದ್ದಕ್ಕಿದ್ದಂತೆ ಆಳವಾಯಿತು.

ಜಹಾಂಗೀರ: ಆದ್ರ ಒಂದು ಮಾತದ. ಹಳೇ ಕಾಲಕ್ಕ ಒಂದು ಶಿಸ್ತಿತ್ತು. ಹೈದರಾಬಾದಿನ್ಯಾಗ ನಾವು ಕಾರ್ಡಿನ ಕಟ್ಟು ಒಪ್ಪಿಸಿ ಬರ್ತಿದ್ವಿ. ಮರುದಿನ ಉತ್ತರ. ಒಂದು ಚುಕ್ಕಿ ತಪ್ಪಾದ್ರ ಪೂರಾ ಕಟ್ಟು ವಾಪಸ್. ಅದಕ್ಕ ಮಂದಿ ಮೊದ್ಲ ಯೋಚ್ನಿ ಮಾಡ್ತಿದ್ರು, ಆಮ್ಯಾಲ ಬರೀತಿದ್ರು. ಈ ಹೊಸಾ ಮಷೀನಿನ ಮುಂದ ಮೊದ್ಲ ಹೊಡೀತಾರ, ಯೋಚ್ನಿ ಮಷೀನಿಗೆ ಬಿಡ್ತಾರ.

ವಿಮಲಾಬಾಯಿ: ಹಾಂ! ಇದನ್ನ ಹೇಳ್ರಿ ಸಾಹೇಬ್ರಿಗೆ!

ಜಹಾಂಗೀರ: ಕಂಪ್ಯೂಟರ್ ಅಂದ್ರ ಏನು? ಭಾಳ ಜಲ್ದಿ ತಪ್ಪು ಮಾಡೋ ಗುಮಾಸ್ತ. ಹಳೇದು ತಡಾ ಮಾಡಿ ತಪ್ಪು ಮಾಡ್ತದ, ಹಿಡೀಲಿಕ್ಕ ವ್ಯಾಳ್ಯ ಸಿಗ್ತದ. ಹೊಸಾದು ಮಾಡಿದ್ದು ಗೊತ್ತಾಗೋದ್ರಾಗ ಊರೆಲ್ಲ ಹಂಚಿರ್ತದ.

ಮಡಿವಾಳಯ್ಯ: ತಪ್ಪು ಮಾಡೋದೊಂದು ನಮ್ಮ ಪಾಲಿಗೆ ಉಳದಿತ್ತು. ಅದನ್ನೂ ಕಸ್ಕೊಂಡ್ರೇನು?

ವಿಮಲಾಬಾಯಿ: ಹಂಗಾದ್ರ ಗೊತ್ತಾತಲ್ಲ? ಹೊಸಾದು ಖರೇನೇ ಬ್ಯಾಡ. ಅದು ಶುದ್ಧ ಬ್ಯಾಕಾರ್ ಮಷೀನ್.

ಜಹಾಂಗೀರ: ಹಂಗೂ ಅನ್ನಲಿಕ್ಕ ಬರಂಗಿಲ್ರಿ. ಬ್ಯಾಕಾರ್ ಅಂದ್ರ ತಪ್ಪಾಗ್ತದ. ಅದರ ಬುದ್ಧಿ ಇದರ ನಾಕರಷ್ಟದ…

ವಿಮಲಾಬಾಯಿಯವರು ಹಣೆ ಚಚ್ಚಿಕೊಂಡರು. ಜಹಾಂಗೀರ ಯಂತ್ರದ ಹಿಂಭಾಗದ ಬಾಗಿಲು ತೆಗೆದು ಧೂಳೊರೆಸಲು ಹೋದಾಗ ಅವರು ಮಡಿವಾಳಯ್ಯನವರ ಕಿವಿಯ ಬಳಿ ಬಗ್ಗಿದರು.

ವಿಮಲಾಬಾಯಿ: ಅಯ್ಯನವರ, ಇವ್ರ ರೋಗ ನನಗ ಗೊತ್ತಾತು. ನಾವು ಬ್ಯಾಡ ಅಂದ್ರ ಇವ್ರು ಬೇಕಂತಾರ, ಬೇಕಂದ್ರ ಬ್ಯಾಡಂತಾರ. ಎದುರಿನೋರು ಹೇಳಿದ್ದಕ್ಕ ಹೂಂ ಅಂದ್ರ ಕಲ್ತ ವಿದ್ಯಾ ಕರಗ್ತದಂತ ತಿಳ್ಕೊಂಡಾರ. ಸಾಹೇಬ್ರು ಬಂದ ಕೂಡ್ಲೆ ನಾವಿಬ್ರೂ ಹೊಸಾದ್ನ ಹಾಡಿ ಹೊಗಳೋಣು. ಇವ್ರೇ ಎದ್ದು ಬ್ಯಾಡ ಅಂತಾರ.

ಮಡಿವಾಳಯ್ಯ: ಹೊಗಳಬೇಕು. ತಿಳೀತು. ಏನಂತ ಹೊಗಳ್ಲಿ?

ವಿಮಲಾಬಾಯಿ: ಬಾಯಿಗೆ ಬಂದಂಗ ಹೊಗಳ್ರಿ. ತಿಳೀಲಾರದ್ದನ್ನ ಹೊಗಳೋದು ಹಗೂರ.

ಬಾಗಿಲು ತೆರೆಯಿತು. ಶರಣಬಸಪ್ಪನವರು ಬೂಟು ಹೊರಗೆ ಬಿಟ್ಟು, ಕಾಲ್ಚೀಲದಲ್ಲಿ, ಅಧಿಕಾರಕ್ಕೆ ಸ್ವಲ್ಪವೂ ಒಪ್ಪದ ಮೆತ್ತನೆಯ ಹೆಜ್ಜೆಯಿಟ್ಟು ಬಂದರು. ಸೇಡಂ ಕಡೆಯ ಮನುಷ್ಯ. ಮಾತು ಕಡಿಮೆ, ಸಿಟ್ಟು ನೆನಪಿನಲ್ಲಿಟ್ಟುಕೊಳ್ಳುವವರು. ಮೂವರೂ ಎದ್ದು ನಿಂತರು.

ಶರಣಬಸಪ್ಪ: ಕುಂದ್ರಿ, ಕುಂದ್ರಿ. ಭಾಳೊತ್ತು ನಿಲ್ಲಂಗಿಲ್ಲ ನಾ. ರಾತ್ರಿಪಾಳಿ ಅದ ನೋಡ್ರಿ ನಂದು.

ಮಡಿವಾಳಯ್ಯನವರು ಕಾರ್ಡಿನ ತಟ್ಟೆಯಿಂದ ಒಂದು ಹೆಜ್ಜೆ ದೂರ ಸರಿದರು.

ಶರಣಬಸಪ್ಪ: ಜಹಾಂಗೀರಸಾಬ, ಕೇಳಬೇಕಂತ ಬಂದಿದ್ದೆ. ಬರೋ ಹಾದ್ಯಾಗ ನಾನೇ ವಿಚಾರ ಮಾಡಿದೆ. ಒಂದು ಮಷೀನ್ ನನ್ನ ಕೂಲಿ ಮಾಡ್ತು. ಅದಕ್ಕಿಂತ ಶ್ಯಾಣ್ಯಾ ಮಷೀನ್ ಬಂತಂದ್ರ ನೌಕರೀಂದೇ ತೆಗೀತದ. ಅದಕ್ಕ ಹೊಸಾದೂ ಬ್ಯಾಡ, ಹಳೇದೂ ಬ್ಯಾಡ. ಮೊದ್ಲಿನಂಗ ಅಯ್ಯನವರು ಕೈಲೇ ಬರೀಲಿ.

ಈ ತಿರುವನ್ನು ಯಾರೂ ಎಣಿಸಿರಲಿಲ್ಲ. ಹಳೆಯದೂ ಹೋದರೆ ಕಾರ್ಡೂ ಇಲ್ಲ, ಕುರ್ಚಿಯೂ ಇಲ್ಲ. ವಿಮಲಾಬಾಯಿಯವರು ಹೊಗಳಿಕೆಗೆಂದು ತೆರೆದಿದ್ದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಆದರೆ ಮಡಿವಾಳಯ್ಯನವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅದರ ಮೇಲೆ, ಕಾರ್ಖಾನೆಯ ಸಮಸ್ತ ಜನರ ಪಾಳಿಯನ್ನು ಮತ್ತೆ ತಾವೇ ಬರೆಯಬೇಕಾದೀತೆಂಬ ಭೀತಿಯು ಅವರ ವಾಕ್ಶಕ್ತಿಯನ್ನು ಇಮ್ಮಡಿಸಿತು.

ಮಡಿವಾಳಯ್ಯ: ಸಾಹೇಬ್ರ, ಹಂಗ ಮಾಡಬ್ಯಾಡ್ರಿ! ಹೊಸಾ ಮಷೀನ್ ಅಂದ್ರ ಸಾಕ್ಷಾತ್ ಕಲ್ಪವೃಕ್ಷ! ಟೀವಿ ಅದ! ಮಣಿ ಅದ! ಮನಿಮನಿಗೂ ಬರ್ತದಂತ, ಮ್ಯಾಲ ಕಸೂತಿ ಬಟ್ಟಿ ಹೊಚ್ಚಿಡಬೇಕು!

ವಿಮಲಾಬಾಯಿ: (ಹಲ್ಲು ಕಚ್ಚಿ) ಅಯ್ಯನವರ, ಸಾಕು.

ಮಡಿವಾಳಯ್ಯ: ಇನ್ನೂ ಅದ ಬಾಯಿಯವರ, ನೀವೇ ಹೇಳಿದ್ರಲ್ಲ, ಬಾಯಿಗೆ ಬಂದಂಗ…

ಶರಣಬಸಪ್ಪ: ಜಹಾಂಗೀರಸಾಬ, ನೀವೇನಂತೀರಿ?

ಜಹಾಂಗೀರ ಸಂಕಟಕ್ಕೆ ಸಿಕ್ಕಿದ. ಮಡಿವಾಳಯ್ಯನವರು ಬೇಕೆನ್ನುತ್ತಿದ್ದರು, ಅವರನ್ನು ವಿರೋಧಿಸಿದರೆ ಬೇಡವೆನ್ನಬೇಕು. ಮ್ಯಾನೇಜರರು ಬೇಡವೆನ್ನುತ್ತಿದ್ದರು, ಅವರನ್ನು ವಿರೋಧಿಸಿದರೆ ಬೇಕೆನ್ನಬೇಕು. ಇಬ್ಬರನ್ನೂ ಏಕಕಾಲಕ್ಕೆ ಅಲ್ಲಗಳೆಯುವ ಮಾರ್ಗ ಕಾಣದಿದ್ದಾಗ, ಗುಮಾಸ್ತನೊಬ್ಬನನ್ನು ಅಲ್ಲಗಳೆಯುವುದಕ್ಕಿಂತ ಮ್ಯಾನೇಜರರನ್ನು ಅಲ್ಲಗಳೆಯುವುದು ವಿದ್ಯಾವಂತನಿಗೆ ಹೆಚ್ಚು ಶೋಭೆಯೆಂದು ಅವನು ನಿರ್ಧರಿಸಿದ.

ಜಹಾಂಗೀರ: ಮಾಫ್ ಮಾಡ್ರಿ ಸಾಹೇಬ್ರ, ನಿಮ್ಮ ಮಾತು ತಪ್ಪದ. ಹೊಸಾದು ಬೇಕೇ ಬೇಕು.

ಶರಣಬಸಪ್ಪ: ಯಾಕ? ಅದ್ರಾಗ ಕಾರ್ಡು ಕಲೆತ್ರ?

ಜಹಾಂಗೀರ: ಕಾರ್ಡೇ ಇಲ್ರಿ ಅದ್ರಾಗ!

ವಿಮಲಾಬಾಯಿಯವರು ಪಂಚ್ ಯಂತ್ರದ ಮೇಲೆ ಕೈಯಿಟ್ಟು, ಅಂತ್ಯಕಾಲದಲ್ಲಿರುವ ಸಂಬಂಧಿಕರನ್ನು ಸವರುವಂತೆ ಸವರಿದರು.

ಶರಣಬಸಪ್ಪ: ಈ ತಂಪು ಬೇಕೇನು ಅದಕ್ಕ?

ಜಹಾಂಗೀರ: (ಕಾಲರು ಮತ್ತೆ ಸರಿಪಡಿಸಿಕೊಂಡು) ಬ್ಯಾಡ್ರಿ.

ಮಡಿವಾಳಯ್ಯ: ಶಿವ ಶಿವಾ.

ಶರಣಬಸಪ್ಪ: ನೀವು ಇದಕ್ಕ ಪಾಳಿಯ ಪ್ರೋಗ್ರಾಂ ಬರೀಲಿಕ್ಕ ಬೇಸಿಗಿ ಹೋಗಿ ಚಳಿಗಾಲ ಬರೋತನಕ ತಗೊಂಡ್ರಿ. ಅದಕ್ಕ?

ಜಹಾಂಗೀರ: ಸಾಹೇಬ್ರ, ಅದೇ ಅದರ ಕಮಾಲ್! ಬರೆಯೋದೇ ಇಲ್ಲ! ಹಾಜರಿ, ರಜಾ, ಪಾಳಿ, ಎಲ್ಲಾ ಪ್ರೋಗ್ರಾಂ ಕಂಪನಿಯವ್ರೇ ತಯಾರ ಮಾಡಿ ಕೊಡ್ತಾರ. ಫ್ಲಾಪಿ ಅಂತ ಒಂದು ತೆಳ್ಳನ ತಟ್ಟಿಯಾಗ ಬರ್ತದ, ಹಾಕಿದ್ರ ಮುಗೀತು. ಹಳೇ ಕಾಲದಾಗ ನಾವು ಪ್ರೋಗ್ರಾಮರ್ ಮಂದಿ ಮಷೀನಿನ ಕಾಲು ಒತ್ತಬೇಕಿತ್ತು. ಈಗ ಪ್ರೋಗ್ರಾಮರನ ಹಂಗೇ ಇಲ್ರಿ ಅದಕ್ಕ!

ಶರಣಬಸಪ್ಪ: ಹಂಗೇ ಇಲ್ಲ?

ಜಹಾಂಗೀರ: ರವಷ್ಟೂ ಇಲ್ಲ! ಜಗತ್ತೇ ಅಲ್ಲಿಗೆ ಬಂದು ನಿಂತದ. ಟೈಪ್ ಬರೋರು ಒಬ್ರು ಇದ್ರ ಸಾಕು.

ಶರಣಬಸಪ್ಪ: ನಿಮಗ ಟೈಪ್ ಬರ್ತದೇನು?

ಜಹಾಂಗೀರ ತನ್ನ ಬಲಗೈಯ ತೋರುಬೆರಳನ್ನು ನೋಡಿಕೊಂಡ. ಅವನಿಗೆ ಟೈಪು ಬರುತ್ತಿದ್ದುದು ಆ ಒಂದೇ ಬೆರಳಿನಿಂದ, ಅದೂ ಅಕ್ಷರ ಎಲ್ಲಿದೆಯೆಂದು ಯಾರಾದರೂ ತೋರಿಸಿದರೆ.

ಜಹಾಂಗೀರ: ನಾ ಯೋಚ್ನಿ ಮಾಡ್ತೀನ್ರಿ. ಹೊಡೆಯೋರು ಬಾಯಿಯವರು.

ಶರಣಬಸಪ್ಪ: ಟೈಪ್ ಬರೋರು ಒಬ್ರೇ ಸಾಕು ಅಂತ ಈಗ ನೀವೇ ಅಂದ್ರಿ.

ಜಹಾಂಗೀರ: ಅಂದೆ. ಆದ್ರ ಅದು… ಅದು ನನ್ನ ಅಭಿಪ್ರಾಯ ಆತ್ರಿ. ವಸ್ತುಸ್ಥಿತಿ ಜರಾ ಬ್ಯಾರೆ ಇರಬಹುದು.

ಶರಣಬಸಪ್ಪ: ಬಾಯಿ, ನಿಮಗ ಆ ಮಣಿ ಹೊಡೀಲಿಕ್ಕ ಬರ್ತದೇನು?

ವಿಮಲಾಬಾಯಿ: ಬರ್ತದ್ರಿ. ಬೊಂಬಾಯಿ ಮಂದಿ ಬಂದ ದಿನ ಅವ್ರೇ ಕುಂದ್ರಿಸಿ ನೋಡಿದ್ರು. ಈ ಪಂಚ್ ಮಷೀನಿನ ಮಣಿಗೂ ಅದಕ್ಕೂ ಭಾಳ ಫರಕ್ ಇಲ್ರಿ. ಅದು ಮೆತ್ತಗದ, ಅಷ್ಟೇ.

ಶರಣಬಸಪ್ಪ: ಮತ್ತ ಮೊದ್ಲೇ ಯಾಕ ಹೇಳ್ಲಿಲ್ಲ?

ವಿಮಲಾಬಾಯಿ: ಕೇಳಿದ್ದೇ ಇವ್ರಿಗ್ರಿ. ನನಗ ಯಾರು ಕೇಳಿದ್ರು? ನಾ ಸೈತ ಕಾರ್ಡು ಹೋದ್ರ ನಾನೂ ಹೋದೆ ಅಂತ ಇವ್ರ ಮಾತು ಕೇಳಿ ಅಂಜಿದ್ದೆ.

ಶರಣಬಸಪ್ಪ: ಮುಗೀತು. ಹೊಸಾದು ತರಸೋಣು. ಬಾಯಿ ಕುಂದ್ರಲಿ. ಜಹಾಂಗೀರಸಾಬ, ನಿಮ್ಮಂಥ ಪ್ರಾಮಾಣಿಕ ಮನುಷ್ಯನ ನಾ ನೋಡಿಲ್ಲ. ತಾವೇ ತಮ್ಮ ನೌಕರಿ ಬ್ಯಾಡ ಅಂತ ಒಪ್ಪಿಸಿದೋರು ಈ ತಾಲೂಕಿನ್ಯಾಗ ನೀವೊಬ್ರೇ.

ಅವರು ಬಾಗಿಲ ಕಡೆ ತಿರುಗಿದರು. ಜಹಾಂಗೀರ ಏನನ್ನೂ ಅಲ್ಲಗಳೆಯಲಿಲ್ಲ. ಆ ಕೋಣೆಯಲ್ಲಿ ಅದು ಹೊಸ ಘಟನೆ. ವಿಮಲಾಬಾಯಿಯವರು ಅವನ ಮುಖ ನೋಡಿದರು. ಮಧ್ಯಾಹ್ನವೆಲ್ಲ ಅವನ ಮೇಲೆ ಕೂಡಿಟ್ಟಿದ್ದ ಸಿಟ್ಟು ಖರ್ಚಾಗದೆ ಹಾಗೆಯೇ ಇತ್ತು. ಅದನ್ನು ವ್ಯರ್ಥ ಮಾಡುವುದು ಅವರಿಗೆ ಇಷ್ಟವಾಗಲಿಲ್ಲ.

ವಿಮಲಾಬಾಯಿ: ಸಾಹೇಬ್ರ, ಒಂದ್ ಮಾತ್ರಿ. ಇವ್ರನ್ನ ತೆಗೀಬ್ಯಾಡ್ರಿ.

ಶರಣಬಸಪ್ಪ: ಯಾಕ? ಏನು ಕೆಲ್ಸ ಅದ ಇವ್ರಿಗೆ?

ವಿಮಲಾಬಾಯಿ: ನಾಳೆ ಹೊಸಾದ್ರಾಗೂ ತಪ್ಪಾಗ್ತದ್ರಿ. ಆವಾಗ ನೀವು ಯಾರಿಗೆ ಬೈತೀರಿ? ಮಷೀನಿಗೆ ಬೈದ್ರ ಅದಕ್ಕ ಕೇಳಂಗಿಲ್ಲ. ಬೊಂಬಾಯಿ ಮಂದಿಗೆ ಬೈಬೇಕಂದ್ರ ಟ್ರಂಕ್ ಕಾಲ್ ಹಚ್ಚಬೇಕು. ನನಗ ಬೈದ್ರ ನಾ ಕೇಳ್ಕೊಂಡು ಕುಂದ್ರಾಕಿ ಅಲ್ಲ. ಇವ್ರು ಓದಿದೋರು, ಎದುರಿಗೇ ಇರ್ತಾರ, ಎಷ್ಟು ಬೈದ್ರೂ ಒಂದಕ್ಕೊಂದು ಉತ್ತರ ಕೊಡ್ತಾರ. ಬೈಲಿಕ್ಕ ಉಮೇದಿ ಬರ್ತದ್ರಿ.

ಶರಣಬಸಪ್ಪನವರು ಬಾಗಿಲಲ್ಲಿ ನಿಂತು, ಗೇಟಿನಲ್ಲಿ ತಮ್ಮನ್ನು ತಡೆದ ಆ ಬೆಳಿಗ್ಗೆ ಬಯ್ಯಲು ತಕ್ಕ ಮನುಷ್ಯನೊಬ್ಬನು ಎದುರಿಗಿದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತೆಂದು ಯೋಚಿಸಿದಂತೆ ತೋರಿತು.

ಶರಣಬಸಪ್ಪ: ಮಾತು ಖರೇ ಅದ. ಜಹಾಂಗೀರಸಾಬ, ನೀವೇನಂತೀರಿ?

ಜಹಾಂಗೀರ ಬಾಯಿ ತೆರೆದ.

ವಿಮಲಾಬಾಯಿ: ಅವ್ರು ಹೂಂ ಅಂತಾರ್ರಿ.

ಹೊಸ ಯಂತ್ರ ಬಂದು ವರ್ಷವಾಯಿತು. ಅದರ ಮುಂದೆ ವಿಮಲಾಬಾಯಿಯವರು ಕುಳಿತುಕೊಳ್ಳುತ್ತಾರೆ. ಮಡಿವಾಳಯ್ಯನವರು ಈಗ ಬರುವುದಿಲ್ಲ. ಜಹಾಂಗೀರನಿಗೆ ಪಕ್ಕದಲ್ಲೊಂದು ಸ್ಟೂಲು ಹಾಕಿದ್ದಾರೆ. ಶರಣಬಸಪ್ಪನವರು ವಾರಕ್ಕೊಮ್ಮೆ ಬಂದು ಅವನನ್ನು ಬೈದು ಹೋಗುತ್ತಾರೆ. ನೌಕರಿ ಖಾಯಂ ಆಗಿದೆ.